ದ್ಯಾಮವ್ವನ ಅಂತರಗಂಗೆ

ಮುಚ್ಚುನೀರಿನ ನಲವತ್ತೊಂದನೆಯ ವರ್ಷ, ನಿಮ್ಮ ಲೆಕ್ಕದಲ್ಲಿ 2219
ಆರಿದ್ರಾ ಮಳೆಯ ಮೂರನೆಯ ದಿನ

ಇನ್ನೂರು ವರ್ಷದ ಹಿಂದೆ ಹಿತ್ತಿಲಲ್ಲಿ ತೆರೆದ ಕೊಳ ಇಟ್ಟುಕೊಂಡಿರುವ ಹಿರಿಯರಿಗೆ,

ಆರಿದ್ರಾ ಎಂದು ಬರೆದದ್ದು ರೂಢಿಯಿಂದ, ಮಳೆ ಬಂದಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಮುಚ್ಚುನೀರು ಎಂದರೆ ಯಾವ ಮನೆಯ ನೀರೂ ಬಿಸಿಲಿಗೆ ತೆರೆದಿರಬಾರದೆಂಬ ನಮ್ಮ ಕಟ್ಟಳೆ. ನಾನು ಚಂಪವ್ವ, ಈ ವಸತಿಯ ಬೆರಳುಗಾರ್ತಿ. ಮನೆಮನೆಯ ಕೊಳಕ್ಕೆ ಕೋಲು ಇಳಿಸಿ, ನೀರು ಎಷ್ಟು ಬೆರಳು ಇಳಿದಿದೆ ಎಂದು ನೋಡಿ ಹಿರಿಯರ ಕೂಟಕ್ಕೆ ಹೇಳುವುದು ನನ್ನ ಕೆಲಸ.

ನಮ್ಮ ಹಿತ್ತಿಲ ಕೊಳವೊಂದೇ ಬಹಳ ಕಾಲ ಮುಚ್ಚಳವಿಲ್ಲದೆ ಉಳಿದಿತ್ತು. ಅದರಲ್ಲಿ ನನ್ನ ಅತ್ತೆ ದ್ಯಾಮವ್ವ ನೀರ ಮೇಲೆ ತೇಲುವ ಅಂತರಗಂಗೆ ಗಿಡ ಬೆಳೆಸಿದ್ದರು. ಬರೀ ಅಂದಕ್ಕೆ, ಮೇವಿಗಲ್ಲ, ಮದ್ದಿಗಲ್ಲ. ಬೆಳಿಗ್ಗೆ ಎದ್ದು ಹಳದಿಯಾದ ಎಲೆ ಚಿವುಟುವರು, ಬೇರಿಗಂಟಿದ ಪಾಚಿ ಬಿಡಿಸುವರು, ಬಿಸಿಲೇರುವ ಮೊದಲು ಹಳೆಯ ಸೀರೆಯನ್ನು ಮೇಲೆ ಕಟ್ಟುವರು. ಗಿಡ ಮರಿ ಹಾಕಿದರೆ ಮದುವೆಯಾಗಿ ಹೋಗುವ ಹುಡುಗಿಗೆ ಬೋಗುಣಿಯಲ್ಲಿಟ್ಟು ಕೊಡುವರು. ಆ ಮರಿಗಳು ಹೋದ ಕಡೆಯೆಲ್ಲ ಸತ್ತವು. ಎಲೆಗಳೇ ನೀರನ್ನು ಮುಚ್ಚಿವೆಯಲ್ಲ ಎಂದು ಕೂಟ ಸುಮ್ಮನಿತ್ತು.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ವಸತಿಯ ಎರಡು ಕೂಸುಗಳು ನೀರಿಲ್ಲದೆ ತೀರಿಕೊಂಡವು. ಆಮೇಲೆ ಕೂಟ ಸುಮ್ಮನಿರಲಿಲ್ಲ. ಎರಡು ತೊಟ್ಟಿಗೆ ಸಮನಾಗಿ ನೀರು ತುಂಬಿ, ಒಂದಕ್ಕೆ ಮುಚ್ಚಳ ಹಾಕಿ, ಇನ್ನೊಂದಕ್ಕೆ ಅತ್ತೆಯ ಗಿಡ ಬಿಟ್ಟು ಹದಿನೈದು ದಿನ ಅಳೆಯಲು ನನಗೇ ಹೇಳಿದರು. ಮುಚ್ಚಳದ ತೊಟ್ಟಿ ಅರ್ಧ ಬೆರಳು ಇಳಿಯಿತು. ಗಿಡದ್ದು ಐದು ಬೆರಳು. ಎಲೆ ನೆರಳು ಕೊಡುತ್ತದೆ ನಿಜ, ಆದರೆ ಬೇರು ಹೀರಿದ ನೀರನ್ನು ಅದೇ ಎಲೆ ಗಾಳಿಗೆ ಬಿಡುತ್ತದೆ.

ಕೋಲು ಹಿಡಿದು ಬಹಳ ಹೊತ್ತು ನಿಂತಿದ್ದೆ. ಅತ್ತೆ ಬಂದರು.

“ಒಂದ ಬೆರಳು ಅಂತ ಹೇಳ್ತೀನ್ರಿ ಅತ್ತಿ,” ಎಂದೆ. “ಯಾರೂ ತಿರುಗಿ ಅಳಿಯಂಗಿಲ್ಲ.”

ಅವರು ನನ್ನ ಕೈಯಿಂದ ಕೋಲು ತೆಗೆದುಕೊಂಡು ಒದ್ದೆಯ ಗುರುತು ನೋಡಿದರು. “ಐದ ಐತಿ, ಐದ ಹೇಳವಾ. ಕೂಸುಗೋಳು ಕುಡಿಯೋ ನೀರು ಅದು.”

ಮರುದಿನ ಅವರೇ ಕೊಳಕ್ಕಿಳಿದು ಗಿಡಗಳನ್ನು ಒಂದೊಂದಾಗಿ ಎತ್ತಿದರು. ಹನಿಯೂ ಪೋಲಾಗಬಾರದೆಂದು ಬೇರುಗಳನ್ನು ಕೊಳದೊಳಗೇ ಹಿಂಡಿ ಕಟ್ಟೆಯ ಮೇಲಿಟ್ಟರು. ಸಂಜೆಯ ಹೊತ್ತಿಗೆ ಎಲ್ಲ ಹಪ್ಪಳದಂತಾಗಿದ್ದವು. ಒಂದನ್ನಾದರೂ ಉಳಿಸಿಕೊಳ್ಳೋಣವೆಂದು ನಾನು ಹೇಳಿದಾಗ, “ಒಂದಕ್ಕೂ ಬಾಯಿ ಐತಲ್ಲ,” ಎಂದರು. ಮತ್ತೆ ಅವರು ಹಿತ್ತಿಲಿಗೆ ಬರಲಿಲ್ಲ. ಆ ಮಾಗಿಯಲ್ಲಿಯೇ ತೀರಿಕೊಂಡರು.

ಅವರು ಬಿಟ್ಟುಕೊಟ್ಟದ್ದರಿಂದ ಏನೂ ಉಳಿಯಲಿಲ್ಲ. ಮುಂದಿನ ಚೈತ್ರದಲ್ಲಿ ಕೊಳದ ಸೆಲೆಯೇ ನಿಂತಿತು. ಗಿಡವಿದ್ದಿದ್ದರೆ ಕೊಳ ಹದಿನೈದು ದಿನ ಮೊದಲು ಬತ್ತುತ್ತಿತ್ತು, ಅಷ್ಟೆ. ಇದನ್ನು ನಾನು ಲೆಕ್ಕ ಹಾಕಿ ನೋಡಿದ್ದೇನೆ, ಯಾರಿಗೂ ಹೇಳಿಲ್ಲ. ಈಗ ಬಂಡಿಯಲ್ಲಿ ಬಂದ ಪಾಲಿನ ನೀರನ್ನು ಕೊಳಕ್ಕೆ ಸುರಿದು ಮುಚ್ಚುತ್ತೇವೆ. ಇವತ್ತು ನಾಲ್ಕು ಬೆರಳಿದೆ. ಬರುವ ತಿಂಗಳು ನಾವೂ ನೀರು ಹುಡುಕಿಕೊಂಡು ಬಡಗಣ ದಿಕ್ಕಿಗೆ ಹೊರಡಬೇಕು. ಮೊದಲು ಹೋದವರಿಂದ ಸುದ್ದಿಯಿಲ್ಲ.

ನೀವು ಗಿಡ ಕಳಿಸಲಾರಿರಿ, ಕಳಿಸಿದರೂ ನಾವು ಸಾಕಲಾರೆವು. ನಿಮ್ಮ ಕೊಳದಲ್ಲಿ ಅಂತರಗಂಗೆ ಇದ್ದರೆ ಅದರ ಎಲೆ ಮುಟ್ಟಿದಾಗ ಹೇಗಿರುತ್ತದೆ, ಹನಿ ಅದರ ಮೇಲೆ ಹೇಗೆ ಉರುಳುತ್ತದೆ ಎಂದು ಎಲ್ಲಾದರೂ ಬರೆದಿಡಿ. ನನ್ನ ಮಾತು ಸಾಲುತ್ತಿಲ್ಲ. ನನ್ನ ಮಗಳು ಬಂಗಾರಿಗೆ ನಾಲ್ಕು ವರ್ಷ. ಮೊನ್ನೆ ಅಜ್ಜಿಯ ಗಿಡದ ಕತೆ ಹೇಳುತ್ತಿದ್ದಾಗ, “ತೇಲೋದು ಅಂದ್ರೇನವ್ವಾ?” ಎಂದು ಕೇಳಿದಳು.

ಹಗುರಾದದ್ದು ಮುಳುಗದೆ ನೀರಿನ ಮೇಲೆ ಇರುವುದು ಎಂದೆ.

“ನೀರಿನ ಮ್ಯಾಲೆ ಮುಚ್ಚಳ ಇರತೈತಲ್ಲ,” ಎಂದಳು.

ಹೌದು ಎಂದೆ.

ಚಂಪವ್ವ