ಗೇಣು ಕೆಳಗೆ ನಿಂತ ನೀರು

ಅಪ್ಪ,

ತೀರ್ಥರೂಪು ಎಂದು ಬರೆದು ಹೊಡೆದುಹಾಕಿದೆ. ಆ ಪದ ಬರೆದರೆ ಮುಂದಿನದೆಲ್ಲ ಕ್ಷೇಮಸಮಾಚಾರ ಆಗಿಬಿಡುತ್ತದೆ. ನೀವು ಹೋಗಿ ನಾಲ್ಕು ತಿಂಗಳಾಯಿತು. ಇಲ್ಲಿ ಯಾವ ಕ್ಷೇಮವೂ ಇಲ್ಲ.

ನೀವು ಮೇಷ್ಟರಾಗಿದ್ದ ಶಿಡ್ಲಘಟ್ಟದ ಹೈಸ್ಕೂಲಿಗೆ ಕರೆಂಟು ಬಂದ ವರ್ಷ, ವಿಜ್ಞಾನದ ಕೊಠಡಿಯ ಮೇಜಿನ ಮೇಲೆ ಗಾಜಿನ ತೊಟ್ಟಿ ಇಡಿಸಿ ಕೆರೆಯ ಮೀನು ಬಿಟ್ಟಿರಿ. ರೇಷ್ಮೆ ನೂಲು ತೆಗೆದ ಮೇಲೆ ಗೂಡಿನಲ್ಲಿ ಉಳಿಯುವ ಹುಳುವನ್ನು ಮಕ್ಕಳು ಒಣಗಿಸಿ, ಪುಡಿ ಮಾಡಿ ತರುತ್ತಿದ್ದರು. ಅದನ್ನು ತಿಂದು ಮೀನು ಕೊಬ್ಬಿದವು, ನೀರು ನಾರಿತು. ಆಗ ನೀವು ನೆಲದ ಮೇಲೆ ಸಿಮೆಂಟಿನ ಇನ್ನೊಂದು ತೊಟ್ಟಿ ಕಟ್ಟಿಸಿ ಮರಳು, ಇದ್ದಿಲು ತುಂಬಿದಿರಿ. ಮೇಲಿನ ಕೊಳೆನೀರು ಕೊಳವೆಯಲ್ಲಿ ಇಳಿದು, ಸೋಸಿಕೊಂಡು, ಕೆಳಗೆ ತಿಳಿಯಾಗಿ ನಿಲ್ಲುತ್ತಿತ್ತು. ಅದನ್ನು ಮತ್ತೆ ಮೇಲಕ್ಕೆ ಸುರಿಯುವವರು ಯಾರು? ಮಕ್ಕಳ ಕೈಯಲ್ಲಿ ಮಾಡಿಸುವವರಲ್ಲ ನೀವು. ದಿನಾ ಬೆಳಿಗ್ಗೆ ನೀವೇ, ಬಿಂದಿಗೆಯಲ್ಲಿ.

ಚಿಕ್ಕಬಳ್ಳಾಪುರದ ಡಾಕ್ಟರು ನಿಮ್ಮ ಎದೆ ಪರೀಕ್ಷಿಸಿ, ಇನ್ನು ಭಾರ ಎತ್ತಕೂಡದು ಎಂದ ದಿನ ಅಮ್ಮ ಮನೆಗೆ ಬಂದವಳೇ, "ಆ ಮೀನಿನ ಸಾವಾಸ ಸಾಕು. ನನ್ನ ತಲೆ ಮುಟ್ಟಿ ಹೇಳಿ, ಇನ್ನು ಬಿಂದಿಗೆ ಎತ್ತಲ್ಲ ಅಂತ" ಎಂದಳು. ನೀವು ಮುಟ್ಟಿದಿರಿ. "ಮೋಟಾರು ತರಿಸ್ತೀನಿ ಕಣೇ. ಇನ್ಮೇಲೆ ಅದೇ ಎತ್ತುತ್ತೆ."

ಬೆಂಗಳೂರಿನ ಹಾಸ್ಟೆಲಿಗೆ ಹೊರಟಿದ್ದ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು ಪಾಠ ಹೇಳಿದಿರಿ. "ನೋಡಮ್ಮ, ಅಂಗಡಿಯೋರು ಗಂಟೆಗೆ ಇಷ್ಟು ಗ್ಯಾಲನ್ ಅಂತಾರೆ. ಅದು ಎತ್ತರ ಇಲ್ದಿದ್ದಾಗಿನ ಮಾತು. ಮೇಲಕ್ಕೆ ಹೋದಷ್ಟೂ ನೀರು ಕಮ್ಮಿ, ಕೊಳವೆ ಬಾಗಿದ ಕಡೆಯೆಲ್ಲ ಇನ್ನೂ ಕಮ್ಮಿ. ಹಾಗಂತ ತೀರಾ ಜೋರಿನದು ತಂದ್ರೆ ಕೆಳಗಿನ ತೊಟ್ಟಿ ಬರಿದಾಗಿ ಮೋಟಾರು ಸುಡುತ್ತೆ. ನಮ್ಮದು ಐದಡಿ ಎತ್ತರ. ಅಷ್ಟು ಎತ್ತರಕ್ಕೆ ಎಷ್ಟು ಎತ್ತುತ್ತೆ ಅಂತ ಮೊದಲು ಕೇಳು." ಚೀಟಿಯಲ್ಲೂ ಬರೆದು, ಐದಡಿಯ ಕೆಳಗೆ ಎರಡು ಗೆರೆ ಎಳೆದಿರಿ.

ಬೆಂಗಳೂರಿನ ಅಂಗಡಿಯವರು ಮೋಟಾರಿನ ಕೊಳವೆಯನ್ನು ಬಕೆಟ್ಟಿಗೆ ಬಿಟ್ಟು ಓಡಿಸಿದಾಗ ನೀರು ಚಿಮ್ಮಿ ನನ್ನ ಸೀರೆ ನೆನೆಯಿತು. ಎಂಥ ಜೋರು ಎಂದು ಹಿಗ್ಗಿದೆ. "ಎಷ್ಟು ಎತ್ತರಕ್ಕಮ್ಮ?" ಎಂದು ಅವರು ಕೇಳಿಯೇ ಕೇಳಿದರು. ಚೀಟಿ ಚೀಲದ ತಳದಲ್ಲಿತ್ತು. ಹೊರಗೆ ಗೆಳತಿಯರು ಮ್ಯಾಟಿನಿಗೆ ಹೊತ್ತಾಯಿತೆಂದು ಕೂಗುತ್ತಿದ್ದರು. "ಮೇಜಿನಷ್ಟು" ಎಂದುಬಿಟ್ಟೆ. ಆ ಮೇಜಿನ ಮೇಲೆ ತೊಟ್ಟಿಯ ಎತ್ತರವೂ ಇದೆಯೆಂದು ಬಿ.ಎಸ್ಸಿ. ಓದುವವಳಿಗೆ ಹೊಳೆಯಬಾರದೇ? ಹೊಳೆಯಲಿಲ್ಲ ಅಪ್ಪ.

ಶನಿವಾರ ಶಾಲೆಯಲ್ಲಿ ನೀವು ಸ್ವಿಚ್ಚು ಒತ್ತಿದಾಗ ಗಾಜಿನ ಕೊಳವೆಯಲ್ಲಿ ನೀರು ಸರ್ರನೆ ಏರಿತು. ತೊಟ್ಟಿಯ ಅಂಚಿಗೆ ಇನ್ನೊಂದು ಗೇಣು ಇದೆ ಎನ್ನುವಾಗ ನಿಂತಿತು. ಮೋಟಾರು ಗುರುಗುಟ್ಟುತ್ತಲೇ ಇತ್ತು, ನೀರು ಮಾತ್ರ ಅಲ್ಲೇ ನಡುಗುತ್ತ... ನೀವು ಬೈಯಬಾರದಿತ್ತೇ? ನಕ್ಕಿರಿ. "ನಿಮ್ಮಮ್ಮನಿಗೆ ಹೇಳ್ಬೇಡ ಕಣಮ್ಮ, ನಿನ್ನ ಬೈತಾಳೆ. ಓಡ್ತಿದೆ ಅಂತೀನಿ. ಸೋಮವಾರ ತಗೊಂಡ್ಹೋಗಿ ಬದಲಾಯಿಸ್ಕೊ." ಸೋಮವಾರ ಬಸ್ಸು ಕಿಕ್ಕಿರಿದಿತ್ತು. "ಭಾರ ಅಪ್ಪ, ಬರೋ ವಾರ ತಗೊಂಡ್ಹೋಗ್ತೀನಿ. ಒಂದು ವಾರ ತಾನೆ?" ಎಂದೆ. ಆ ಒಂದು ವಾರ ನೀರು ಎತ್ತುವವರು ಯಾರೆಂದು ಕೇಳಲೇ ಇಲ್ಲ.

ಗುರುವಾರ ಮೊದಲ ಗಂಟೆ ಹೊಡೆಯುವ ಮುಂಚೆ ಜವಾನ ಒಳಗೆ ಬಂದಾಗ ನೀವು ಸಿಮೆಂಟಿನ ತೊಟ್ಟಿಗೆ ಒರಗಿ ಕೂತಿದ್ದಿರಂತೆ. ಪಕ್ಕದಲ್ಲಿ ಬಿಂದಿಗೆ ಉರುಳಿತ್ತಂತೆ. ನಾನು ಊರು ಮುಟ್ಟುವ ಹೊತ್ತಿಗೆ...

ಹದಿಮೂರನೆಯ ದಿನ ಊಟಕ್ಕೆ ಕೂತವರ ಮುಂದೆಯೇ ಅಮ್ಮ ಶುರು ಮಾಡಿದಳು. "ಮೋಟಾರು ಓಡ್ತಿತ್ತಲ್ಲ, ಆದ್ರೂ ಬಿಂದಿಗೆ ಎತ್ತಿದ್ರು. ನನ್ನ ತಲೆ ಮುಟ್ಟಿ ಹೇಳಿದ್ದು ಅವರಿಗೆ ಆಟವಾಯ್ತು." ಅಂದಿನಿಂದ ಮಾತಾಡಿಸಲು ಬಂದ ಪ್ರತಿಯೊಬ್ಬರಿಗೂ ಅದೇ. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಬಂದವರಿಗೆ ಕಾಫಿ ತಂದುಕೊಡುತ್ತೇನೆ. ಗೋಡೆಯ ಮೇಲಿನ ನಿಮ್ಮ ಪಟಕ್ಕೆ ಅವಳು ಇಲ್ಲಿಯವರೆಗೂ ಒಂದು ಹೂವು ಇಟ್ಟಿಲ್ಲ. ಸತ್ತವರ ಮೇಲೆ ಇಷ್ಟು ಮುನಿಸು ಇಟ್ಟುಕೊಂಡು ಒಬ್ಬಳು ಎಷ್ಟು ದಿನ ಬದುಕಬೇಕು?

ಹೋದ ವಾರ ಮೋಟಾರು ಬದಲಾಯಿಸಿ ತಂದೆ. ಐದಡಿ ಎಂದು ಎರಡೆರಡು ಸಲ ಹೇಳಿದೆ. ಶಾಲೆಗೆ ಹೋಗಿ, ನೀರು ತುಂಬಿಸಿ, ಸ್ವಿಚ್ಚು ಒತ್ತಿದೆ. ನೀರು ಏರಿತು, ಅಂಚು ದಾಟಿ ತೊಟ್ಟಿಗೆ ಬಿತ್ತು. ಮೀನಿರಲಿಲ್ಲ ಅಪ್ಪ. ಬೇಸಿಗೆ ರಜದಲ್ಲಿ ಯಾರೂ ನೋಡದೆ ಎಲ್ಲ ಸತ್ತಿದ್ದವು. ಬರೀ ನೀರು ಸುತ್ತುವುದನ್ನು ನೋಡುತ್ತ ಕೂತಿದ್ದು, ಸ್ವಿಚ್ಚು ಆರಿಸಿ ಬಂದೆ.

ಅಮ್ಮ ಈಗ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಳೆ. ಒಳಗೆ ಬಂದ ಕೂಡಲೇ ಹೇಳುತ್ತೇನೆ. ಆ ಮೋಟಾರು ಒಂದು ದಿನವೂ ನೀರು ಎತ್ತಿರಲಿಲ್ಲ, ತಪ್ಪಾಗಿ ತಂದವಳು ನಾನು, ನೀವು ಸುಳ್ಳು ಹೇಳಿದ್ದು ನನಗಾಗಿ ಎಂದು. ಅವಳು ಇನ್ನು ನನ್ನ ಮುಖ ನೋಡದೇ ಇರಬಹುದು. ಇದ್ದವರಲ್ಲಿ ನನಗೆ ಉಳಿದಿರುವುದು ಅವಳೊಬ್ಬಳೇ. ಆದರೂ ನಿಮ್ಮ ಮೇಲಿನ ಅವಳ ಕೋಪವಾದರೂ ಇಳಿಯಲಿ...

ಬಾಗಿಲ ಸದ್ದಾಯಿತು. ಬರುತ್ತಿದ್ದಾಳೆ, ಅಪ್ಪ.