ಗೊಂಬೆಗೆ ಗಾಳಿ ಹೊಗುವುದಿಲ್ಲ

ವೈದ್ಯಕೀಯ ಕಾಲೇಜಿನ ಡೀನ್ ಸಾಹೇಬರೇ,

ಆಸ್ಪತ್ರೆಯಲ್ಲಿ ಬಡವರು ಮಲಗುವ ಮೂರನೇ ದರ್ಜೆಯ ವಾರ್ಡಿಗೆ ವಿದ್ಯಾರ್ಥಿಗಳು ಕಾಲಿಡಕೂಡದೆಂದು ಮೂರು ವರ್ಷದ ಹಿಂದೆ ತಾವು ಹೊರಡಿಸಿದ ಆದೇಶ ನನ್ನ ಗಂಡನನ್ನು ಕೊಂದಿತು. ಅದಕ್ಕೆ ತಾವು ಕೊಟ್ಟ ಕಾರಣ 'ರೋಗಿಗಳ ಘನತೆಯ ರಕ್ಷಣೆ'. ಅಲ್ಲಿ ಮಲಗಿದ್ದ ನಮ್ಮಲ್ಲಿ ಒಬ್ಬರನ್ನಾದರೂ ಕೇಳಿದಿರಾ? ನಮ್ಮ ಬದಲು ರಬ್ಬರ್ ಗೊಂಬೆಗಳನ್ನು ತರಿಸಿದಿರಿ. ಗುಂಡಿ ಒತ್ತಿದರೆ ಅವು 'ಎದೆನೋವು, ಎಡಭಾಗ, ವಿಪರೀತ' ಎನ್ನುತ್ತವಂತೆ. ಜಾವಾದಲ್ಲಿ ಹುಟ್ಟಿದ ಯಾವ ಜೀವ ಡಾಕ್ಟರ ಮುಂದೆ ಹಾಗೆ ಮಾತಾಡೀತು? ನೀರಿಗಿಳಿಯದೆ ಈಜು ಬಾರದು ಎಂಬುದು ನಮ್ಮಂಥ ಹೆಚ್ಚು ಓದದವರಿಗೂ ಗೊತ್ತು.

ನನ್ನ ಹೃದಯದ ಕವಾಟ ಸೋರುತ್ತದೆ. ಆದೇಶ ಬರುವವರೆಗೆ ಎಂಟು ವರ್ಷ ನಿಮ್ಮ ವಿದ್ಯಾರ್ಥಿಗಳು ಅದರ ಸದ್ದು ಕೇಳಿ ಕಲಿತರು. ಅವರಲ್ಲಿ ದ್ಯಾಹ್ ಎಂಬ ಹುಡುಗಿ ಮೊದಲ ದಿನ "ನೋವಿದೆಯಾ ಅಮ್ಮಾ?" ಎಂದಳು. "ಚೂರು" ಎಂದೆ. ಬರೆದುಕೊಂಡು ಹೊರಟವಳನ್ನು ಪಕ್ಕದ ಹಾಸಿಗೆಯ ಮುದುಕಿ ಗದರಿದಳು: "ಬಾ ಇಲ್ಲಿ ಮಗಳೇ. ಚೂರು ಅಂದ್ರೆ ಜೀವ ಹೋಗ್ತಿದೆ ಅಂತ. ಡಾಕ್ಟ್ರಿಗೆ ತೊಂದ್ರೆ ಕೊಡಬಾರ್ದು ಅಂತ ಹಂಗಂತೀವಿ. ನಿಮ್ಮಮ್ಮ ಹೇಳ್ಕೊಡಲಿಲ್ವಾ?" ದ್ಯಾಹ್ ನಾಚಿ ಮರಳಿ ಬಂದು ಕೂತಳು. ನಿಮ್ಮ ಗೊಂಬೆಗೆ ಗದರುವ ಗುಂಡಿ ಎಲ್ಲಿದೆ?

ಕಳೆದ ತಿಂಗಳು ನನ್ನ ಗಂಡ ತುಕಿಜಾನರಿಗೆ ಎದೆ ಬಿಗಿಯಿತು. 'ಗಾಳಿ ಹೊಕ್ಕಿದೆ' ಎಂದರು. ನಮ್ಮಲ್ಲಿ ನೆಗಡಿಗೂ ಅದೇ ಮಾತು, ಸಾವಿಗೂ ಅದೇ. ಎಲ್ಲರಂತೆ ನಾನೂ ಗಾಳಿ ಹೊರಬರಲೆಂದು ಎಣ್ಣೆ ಹಚ್ಚಿ ನಾಣ್ಯದಿಂದ ಬೆನ್ನು ಕೆರೆದೆ. ಬಿಗಿತ ಇಳಿಯದಿದ್ದಾಗ ನಿಮ್ಮ ಆಸ್ಪತ್ರೆಗೆ ಕರೆತಂದೆ. ಅಲ್ಲಿದ್ದವರು ನಮ್ಮೂರ ಮಾತಿನ ಬಳಕೆಯಿಲ್ಲದೆ ಜಕಾರ್ತದಲ್ಲಿ ಬೆಳೆದು, ನಿಮ್ಮ ಗೊಂಬೆಗಳ ಕೈಯಲ್ಲಿ ಮೊದಲ ದರ್ಜೆ ಗಳಿಸಿದ ಹೊಸ ಡಾಕ್ಟರು.

"ಏನಾಗ್ತಿದೆ ಯಜಮಾನ್ರೇ?"

"ಗಾಳಿ ಹೊಕ್ಕಿದೆ ಅಷ್ಟೆ ಡಾಕ್ಟ್ರೇ. ಇವ್ಳೇ ಸುಮ್ನೆ ಎಳ್ಕೊಂಡ್ ಬಂದ್ಲು."

"ನೋವು?"

"ಚೂರು."

ಬೆವರಿಗೆ ಅಂಗಿ ತೊಯ್ದಿತ್ತು. ಡಾಕ್ಟರು ಬೆನ್ನಿನ ಕೆಂಪು ಗೆರೆಗಳನ್ನು ನೋಡಿದರು, 'ನೋವು ಅಲ್ಪ' ಎಂದು ಬರೆದರು, ವಾಯುವಿಗೆ ಗುಳಿಗೆ ಬರೆದುಕೊಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಡ ಕಣ್ಣಲ್ಲೇ ತಡೆದರು. ಸುಮ್ಮನಾದೆ. ಔಷಧಿ ಕಿಟಕಿಯ ಮುಂದಿನ ಬೆಂಚಿನಲ್ಲಿ, ನನ್ನ ಹೆಗಲಿಗೊರಗಿ, ಅವರು ಹೋಗಿಬಿಟ್ಟರು. ಸುಮ್ಮನಾದದ್ದು ನನ್ನ ತಪ್ಪು, ಅದನ್ನು ನಾನು ಹೊರುತ್ತೇನೆ. ತಮ್ಮ ಪಾಲಿನದನ್ನು ತಾವು ಹೊರುತ್ತೀರೋ, ಅದಕ್ಕೂ ಒಂದು ಗೊಂಬೆ ತರಿಸುತ್ತೀರೋ?

ಏಳನೇ ದಿನದ ಪ್ರಾರ್ಥನೆಗೆ ಆ ಡಾಕ್ಟರು ಬಂದರು. ಚಾಪೆಯ ತುದಿಯಲ್ಲಿ ಕೂತು, "ಅಮ್ಮಾ, ನಾನು ಇನ್ನೇನು ಕೇಳ್ಬೇಕಿತ್ತು?" ಎಂದರು.

"ಮಲಗೋಕಾಯ್ತಾ, ಅನ್ನ ಸೇರ್ತಾ ಅಂತ ಕೇಳ್ಬೇಕು ಮಗನೇ. ಉತ್ತರ ಬಿಡು, ಹೆಂಡ್ತಿ ಮುಖ ನೋಡು," ಎಂದೆ.

ಅವರು ಅಳುತ್ತ ಬರೆದುಕೊಂಡರು. ಹಾಸಿಗೆಯ ಪಕ್ಕ ಕಲಿಯಬೇಕಾದ ಪಾಠವನ್ನು ಸತ್ತವರ ಮನೆಯಲ್ಲಿ ಕಲಿಸಿದ ಕೀರ್ತಿ ತಮ್ಮದು.

ಆದೇಶವನ್ನು ಈ ವಾರವೇ ಹಿಂತೆಗೆದುಕೊಳ್ಳಿ. ಸೋಮವಾರ ನಾನು ಮತ್ತೆ ವಾರ್ಡಿಗೆ ಸೇರುತ್ತಿದ್ದೇನೆ. ಈ ಹೃದಯ ಇನ್ನು ಬಹಳ ದಿನ ಬಾಳುವುದಿಲ್ಲವೆಂದು ನಿಮ್ಮವರೇ ಹೇಳಿದ್ದಾರೆ. ಅದು ನಿಲ್ಲುವ ಮೊದಲು ಕಲಿಯುವ ಮಕ್ಕಳನ್ನು ಕಳಿಸಿ.

ಇಂತಿ,
ತಮ್ಮ ಕಾಲೇಜು ಕೆಲಸದಿಂದ ತೆಗೆದ, ಹಾಸಿಗೆಯ ಮೇಲಿನ ಮೇಷ್ಟ್ರಮ್ಮ,
ರುಬಿಯೆಮ್