ಮುಂಬಯಿಯಲ್ಲಿ ಹೇಳಿದ ಹೆಸರು

ಪ್ರೀತಿಯ ತಿಪ್ಪವ್ವ ಚಿಗವ್ವನಿಗೆ,

“ಸವಣೂರ ಎಲಿಗೆ ಸುಣ್ಣ ಬೇಕ, ಗುದ್ಲೆಪ್ಪನವರಿಗೆ ನನ್ನ...” ಮುಂದೇನಿತ್ತು? ಕಣ್ಣ ಬೇಕ ಎಂದೋ, ಬಣ್ಣ ಬೇಕ ಎಂದೋ? ಮದುವೆಮನೆಗಳಲ್ಲಿ ಗಂಡನ ಹೆಸರು ಹೇಳೆಂದು ಹೆಂಗಸರು ಅಡ್ಡಗಟ್ಟಿದಾಗ ನೀನು ಹೇಳುತ್ತಿದ್ದ ಒಡಪು ಅದು. ಎಷ್ಟೋ ಕವಿತೆಗಳನ್ನು ಬಾಯಿಪಾಠ ಮಾಡಿದ ನನಗೆ ಈ ಒಂದು ಸಾಲು ಪೂರ್ತಿ ನೆನಪಿಲ್ಲ. ಅವನಿಗೆ ಎರಡೂ ಬೇಕಿರಲಿಲ್ಲವೆಂದು ಗೊತ್ತಿರುವುದರಿಂದ ಮರೆತೆನೋ ಏನೋ.

ಒಡಪಿಲ್ಲದೆ ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದವಳು ನೀನು. ಗುದ್ಲೆಪ್ಪ ಕಾಕಾ ಮುಂಬಯಿ ಬಂದರಿಗೆ ಹಮಾಲಿಗೆ ಹೋಗಿ ನಾಲ್ಕು ವರ್ಷವಾಗಿತ್ತು; ಎರಡು ವರ್ಷದಿಂದ ಕಾಗದವಿರಲಿಲ್ಲ. ೧೯೩೮ರ ಚಳಿಗಾಲದಲ್ಲಿ, ವೀಳ್ಯದೆಲೆ ಮಾರಲು ಹೊರಟ ಅಜ್ಜನ ಜೊತೆ, ಊರು ನೋಡುವ ನೆಪ ಹೇಳಿ, ಒಂಬತ್ತು ವರ್ಷದ ನನ್ನನ್ನೂ ಕಟ್ಟಿಕೊಂಡು ನೀನು ಯಲವಿಗಿಯಲ್ಲಿ ರೈಲು ಹತ್ತಿದೆ.

ಮುಂಬಯಿಯಲ್ಲಿ ಇಳಿದು ಅಜ್ಜ ಪೇಟೆಗೆ ಹೋದ. ನಮ್ಮ ಜೊತೆ ಬಂದವನು ಅಲ್ಲಿ ಕುದುರೆಗಾಡಿ ಹೊಡೆಯುತ್ತಿದ್ದ ಸವಣೂರಿನ ಹಯಾತ. ಬಂದರಿನ ಬಾಗಿಲಲ್ಲಿ ಪಹರೆಯವನು ಯಾರು ಬೇಕೆಂದು ಹೆಸರು ಕೇಳಿದಾಗ ನೀನು ನೆಲ ನೋಡುತ್ತ ನನ್ನ ತೋಳು ಚಿವುಟಿದೆ. “ಗುದ್ಲೆಪ್ಪ,” ಎಂದೆ ನಾನು.

ಹಯಾತ ನಕ್ಕ. “ಹಿಂಗ ನಾಚಿದ್ರ ಈ ಊರು ಗಂಡನ್ನ ಹೊಳ್ಳಿ ಕೊಡಂಗಿಲ್ಲರಿ ಅಕ್ಕಾರ.”

ಚೀಲ ಹೊರುವವರ ನಡುವೆ ಆ ಹೆಸರು ಕೂಗುತ್ತ ನಾನು ಹೋದೆ, ದೊಡ್ಡ ಕೆಲಸ ಸಿಕ್ಕ ಹೆಮ್ಮೆಯಿಂದ. ಕೊನೆಗೆ ಬಂಕಾಪುರದ ಹಮಾಲನೊಬ್ಬ ಚೀಲ ಇಳಿಸಿ ನಿಂತ. “ಗುದ್ಲೆಪ್ಪಂದು ಇಲ್ಲೇ ಸಂಸಾರ ಐತ್ರಿ. ಎರಡು ಮಕ್ಕಳು. ಮನಿ ತೋರಸ್ಲೇನು?”

ನೀನು ಸೆರಗು ಸರಿಪಡಿಸಿಕೊಂಡೆ. “ಬ್ಯಾಡ,” ಎಂದೆ. ಆಮೇಲೆ ಹಯಾತನಿಗೆ, “ಊರು ನೋಡಾಕ ಬಂದೇವಿ. ತೋರಸು ತಮ್ಮಾ.”

ಆ ದಿನವನ್ನು ನಾನು ಹಬ್ಬದಂತೆ ನೆನಪಿಟ್ಟುಕೊಂಡಿದ್ದೇನೆ, ನಾಚಿಕೆಯಾದರೂ. ಟ್ರಾಮಿನ ಗಂಟೆ, ರಾಣಿಬಾಗಿನ ಮೃಗಾಲಯದಲ್ಲಿ ಹುಲಿ ಆಕಳಿಸಿದ್ದು, ಸಮುದ್ರದ ಎದುರಿನ ಕಮಾನಿನ ನೆರಳಲ್ಲಿ ಕಾಲು ಚಾಚಿ ಕುಳಿತದ್ದು. ಒಂದನ್ನೂ ಬಿಡಲಿಲ್ಲ ನೀನು. ಸೋಡಾದ ಗೋಲಿ ಸದ್ದಿಗೆ ಬೆಚ್ಚಿಬಿದ್ದು, ಇನ್ನೊಂದು ಒಡೆಸಿದೆ. ಸಂಜೆ ಚೌಪಾಟಿಯ ಮರಳಲ್ಲಿ ಭೇಳ್ ತಿಂದೆವು. “ನಮ್ಮ ಚುರುಮರಿಗೆ ಹುಣಸಿಹುಳಿ ಹೊಯ್ದು ಮುಂಬಯಿದಂತ ಮಾರತಾರ, ನೋಡ,” ಎಂದು ಹಂಗಿಸುತ್ತಲೇ ಎರಡನೆಯ ದೊನ್ನೆಗೆ ಕೈಚಾಚಿದೆ. ಮೆಣಸಿನಕಾಯಿಗೆ ಕಣ್ಣಲ್ಲಿ ನೀರು ಬಂತು. ಸಮುದ್ರದ ಕಡೆ ನೋಡುತ್ತ ಅಂದೆ: “ಗುದ್ಲೆಪ್ಪಗ ಖಾರ ತಡೀತಿದ್ದಿಲ್ಲ.”

ಒಡಪಿಲ್ಲ, ‘ಅವರು’ ಇಲ್ಲ. ತೀರಿಹೋದವರ ಬಗ್ಗೆ ಹೇಳುವ ಹಾಗೆ, ಬರೀ ಹೆಸರು. ಅವನು ಆಗಲೇ ಎಲ್ಲೋ ಕುಸಿದನೆಂದು ನಾನು ಹೆದರಿದೆ. ನೀನು ದೊನ್ನೆಯ ತಳ ಬೆರಳಿನಿಂದ ಸವರುತ್ತಿದ್ದೆ.

ನಾನು ಅಷ್ಟು ಗಟ್ಟಿಯಾಗಿ ಕೂಗದಿದ್ದರೆ ನೀನು ಇನ್ನೂ ಕೆಲವು ವರ್ಷ ಕಾಯುತ್ತಿದ್ದೆಯಾ? ನೀನು ಬದುಕಿದ್ದಾಗ ಕೇಳಲಿಲ್ಲ.

ಊರಿಗೆ ಮರಳಿ ಬಂದಾಗ ಪಕ್ಕದ ಮನೆಯ ಫಕ್ಕೀರವ್ವ ಬಾಗಿಲಲ್ಲೇ ನಿಂತಿದ್ದಳು, ಓಣಿಯ ಸುದ್ದಿಯೆಲ್ಲ ಮೊದಲು ತನಗೇ ತಿಳಿಯಬೇಕೆನ್ನುವವಳು. ನಿನ್ನ ಮುಖ ನೋಡಿದಳು. ನಮ್ಮ ಹಿಂದೆ ಯಾರೂ ಇಲ್ಲದ ಓಣಿ ನೋಡಿದಳು. “ರೊಟ್ಟಿ ತಂದೇನಿ, ಒಲಿ ನಾಳೆ ಹಚ್ಚೀಯಂತ,” ಎಂದಳು. “ಕುಂದರು. ಸಮುದ್ರ ಎಷ್ಟ ದೊಡ್ಡದೈತಿ ಹೇಳು.”

ನೀನಿರುವಲ್ಲಿ ನಿನಗೆ ತಂಪಿರಲಿ, ಚಿಗವ್ವ.

ನಿನ್ನ ನೀಲಿ